ಹದಿನೆಂಟು ಅಡಿಯ ತುಪ್ಪ

ಮಂಜಯ್ಯನಿಗೆ ಗೊತ್ತಿಲ್ಲದ ವಿಷಯಗಳು ಲೋಕದಲ್ಲಿ ಬೇಕಾದಷ್ಟಿದ್ದವು. ಆದರೆ ಗೊತ್ತಿಲ್ಲ ಎಂದು ಅವನು ಒಪ್ಪಿಕೊಂಡ ವಿಷಯ ಒಂದೂ ಇರಲಿಲ್ಲ. ಯಾರು ಏನು ಹೇಳಿದರೂ ‘ಹೂಂ, ಅದು ಹಾಗೇ’ ಎಂದು ತಲೆಯಾಡಿಸುತ್ತಿದ್ದ. ನಾಳೆ ಮಳೆ ಬರುತ್ತದೆ ಎಂದರೂ ತಲೆಯಾಡಿಸುತ್ತಿದ್ದ, ಬರುವುದಿಲ್ಲ ಎಂದರೂ ಅಷ್ಟೇ ಗಂಭೀರವಾಗಿ ಆಡಿಸುತ್ತಿದ್ದ. ಈ ವಿದ್ಯೆಯಿಂದ ಐವತ್ತಾರು ವರ್ಷ ಅವನಿಗೆ ಲಾಭವೂ ಆಗಿರಲಿಲ್ಲ, ನಷ್ಟವೂ ಆಗಿರಲಿಲ್ಲ. ಐವತ್ತೇಳನೆಯ ವರ್ಷ ಅದೇ ವಿದ್ಯೆ ಅವನನ್ನು ಜೈಲಿನ ಬಾಗಿಲ ತನಕ ನಡೆಸಿಕೊಂಡು ಹೋಯಿತು.

ಸಂಸೆಯಿಂದ ಒಂದೂವರೆ ಮೈಲಿ ಮೇಲಕ್ಕೆ ಅವನದು ಮೂರೂವರೆ ಎಕರೆ ಕಾಫಿ. ಗೇಟಿಗೆ ‘ಮಂಜಯ್ಯ ಎಸ್ಟೇಟ್’ ಎಂದು ಬೋರ್ಡು ಹಾಕಿಸಿದ್ದ. ಬೋರ್ಡಿನ ಹತ್ತಿರ ನಿಂತು ಕೆಮ್ಮಿದರೆ ಎಸ್ಟೇಟಿನ ಆ ತುದಿಯಲ್ಲಿ ಹಣ್ಣು ಕೊಯ್ಯುವವರು ‘ಶೀತವಾ?’ ಎಂದು ವಿಚಾರಿಸುತ್ತಿದ್ದರು. ಸಾಹುಕಾರ, ಲೆಕ್ಕ ಬರೆಯುವ ರೈಟರ್, ಮೇಸ್ತ್ರಿ ಮೂರೂ ಅವನೇ. ಕೆಲಸ ಮಾಡುವುದು ಮಾತ್ರ ಹೆಂಡತಿ ನಂಜಮ್ಮ.

ಮಂಜಯ್ಯನಿಗೆ ಜೀವನದಲ್ಲಿ ಇದ್ದ ಆಸೆ ಒಂದೇ, ಅದು ಒಂದು ಕುರ್ಚಿ. ಕಳಸದಲ್ಲಿ ಅವನು ಕಾಫಿ ಬೀಜ ಮಾರುವ ಅಂಗಡಿಯಲ್ಲಿ ಐದು ಕುರ್ಚಿ, ಒಂದು ಬೆಂಚು ಇದ್ದವು. ಕುರ್ಚಿ ನೂರು ಎಕರೆಯವರಿಗೆ, ಬೆಂಚು ಹತ್ತು ಎಕರೆಯವರಿಗೆ. ಹೀಗೆಂದು ಯಾರೂ ಬರೆದು ಅಂಟಿಸಿರಲಿಲ್ಲ. ಬರೆದು ಅಂಟಿಸಿದ್ದನ್ನು ನಮ್ಮ ಜನ ಯಾವತ್ತು ಪಾಲಿಸಿದ್ದಾರೆ? ಮೂರೂವರೆ ಎಕರೆಯ ಮಂಜಯ್ಯನಿಗೆ ಮೂಲೆಯಲ್ಲಿದ್ದ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ. ಮೂವತ್ತು ವರ್ಷ ಆ ಮೂಟೆಗಳ ಮೇಲೆ ಕೂತು ಅವನು ಕುರ್ಚಿಯವರ ಮಾತಿಗೆ ತಲೆಯಾಡಿಸಿದ್ದ. ಏಳು ಎಂದು ಯಾರೂ ಅವಮಾನ ಮಾಡಿರಲಿಲ್ಲ, ಮೂಟೆ ಲಾರಿಗೆ ಹೋಗುವ ದಿನ ಬಿಟ್ಟು.

ಹೀಗಿರುವಾಗ ಜನವರಿಯಲ್ಲಿ, ಕೊಯ್ಲಿನ ನಡುವೆ, ತಂಗಿಯ ಮಗಳು ಕವನಾ ಚಿಕ್ಕಮಗಳೂರಿನಿಂದ ಬಂದಿಳಿದಳು. ಎಂ.ಎಸ್ಸಿ. ಓದುವ ಹುಡುಗಿ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಕಾಲೇಜಿನ ಹಳೆಯ ಸೂಕ್ಷ್ಮದರ್ಶಕದ ಮರದ ಪೆಟ್ಟಿಗೆ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡೇ ಬಂದಿದ್ದಳಂತೆ. ಮಾವನ ಮನೆಯ ಹಿತ್ತಿಲಲ್ಲಿ ನಾಲ್ಕು ತುಡುವೆ ಜೇನಿನ ಪೆಟ್ಟಿಗೆಗಳಿದ್ದವು. ಅವುಗಳ ಮೇಣ ಅವಳಿಗೆ ಬೇಕಾಗಿತ್ತು.

ಅವಳ ಕೆಲಸ ಇಷ್ಟೇ. ಬೇಕರಿಯವರು ಪಫ್ಸಿಗೂ ಬಿಸ್ಕತ್ತಿಗೂ ಡಾಲ್ಡಾ ಹಾಕುತ್ತಾರೆ, ಯಾಕೆಂದರೆ ಅದು ಗಟ್ಟಿ. ಅಡುಗೆ ಎಣ್ಣೆ ಮೈಗೆ ಅದಕ್ಕಿಂತ ಒಳ್ಳೆಯದು, ಆದರೆ ಹರಿಯುತ್ತದೆ. ಆ ಎಣ್ಣೆಯನ್ನು ಬಿಸಿ ಮಾಡಿ ನೂರಕ್ಕೆ ಐದು ಪಾಲು ಜೇನುಮೇಣ ಕರಗಿಸಿ ಆರಲು ಬಿಟ್ಟರೆ ಬೆಣ್ಣೆಯ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಒಲೆಯ ಪಕ್ಕದಲ್ಲಿ ನಿಧಾನಕ್ಕೆ ಆರಿಸಿದರೆ ಒಳಗೆ ಮೇಣ ಹೇಗೆ ಹರಳುಗಟ್ಟುತ್ತದೆ, ತಣ್ಣೀರಿನ ಬಾನಿಯಲ್ಲಿಟ್ಟು ಬೇಗ ಆರಿಸಿದರೆ ಹೇಗೆ, ಯಾವ ಹರಳು ಎಣ್ಣೆಯನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಅವಳು ಬರೆಯಬೇಕಾಗಿತ್ತು. ಎಲ್ಲ ಕೇಳಿದ ನಂಜಮ್ಮ, “ಹರಿಯೋದನ್ನ ನಿಲ್ಲಿಸೋದು, ಅಷ್ಟೇ ಅಲ್ವಾ? ಹಾಗಾದ್ರೆ ನಿನ್ನ ಮಾವನ ಬಾಯಿಗೂ ಒಂಚೂರು ಮೇಣ ಹಾಕು” ಎಂದಳು. ಮಂಜಯ್ಯ ಅದಕ್ಕೂ ತಲೆಯಾಡಿಸಿದ.

ಎರಡು ದಿನದಲ್ಲಿ ಆರು ಗಾಜಿನ ಬಾಟಲಿಗಳು ತುಂಬಿ, ಒಂದರಿಂದ ಆರರವರೆಗೆ ನಂಬರ್ ಚೀಟಿ ಅಂಟಿಸಿಕೊಂಡು, ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಕೂತವು. ಒಳಗಿದ್ದದ್ದು ತಿಳಿ ಹಳದಿ ಬಣ್ಣ, ಬೆರಳಿಟ್ಟರೆ ಗುಳಿ ಬೀಳುವಷ್ಟು ಮೆದು. ಮೂರನೆಯ ದಿನ ಕವನಾ ಚಾವಡಿಯ ಮೇಜಿನ ಮೇಲೆ ಸೂಕ್ಷ್ಮದರ್ಶಕ ಹೂಡಿ, ಗಾಜಿನ ಪಟ್ಟಿಯ ಮೇಲೆ ಸಾಸಿವೆಯಷ್ಟು ಸವರಿ, ಮಾವನನ್ನೇ ಮೊದಲು ಕರೆದಳು. ಮಂಜಯ್ಯ ಬಗ್ಗಿ ಒಂದು ಕಣ್ಣು ಮುಚ್ಚಿದ. ಬೆಳ್ಳಗಿನ ಒಂದು ಬಿಲ್ಲೆ, ಅದರ ಮೇಲೆ ನಾಲ್ಕೈದು ದಪ್ಪ ಕಪ್ಪು ಗೆರೆ ಕಂಡವು. “ಇರಿ ಮಾವ, ಬೆಳಕು ಸೋಸೋ ಇನ್ನೊಂದು ಹಾಳೆ ಸಿಕ್ಕಿಸ್ಬೇಕು, ಆಗ ಸುತ್ತ ಕತ್ತಲಾಗಿ ಮೇಣದ ಹರಳು ಮಾತ್ರ ಹೊಳೀತದೆ” ಎಂದು ಅವಳು ಹೇಳುವಷ್ಟರಲ್ಲಿ ಅವನು ತಲೆ ಎತ್ತಿಯಾಗಿತ್ತು. ಸೂಜಿಯ ಹಾಗೆ ಕಾಣುತ್ತದೆ, ಕಂಡಿತಾ ಎಂದು ಕೇಳಿದಳು. ಕಾಣದೆ ಎಂತ, ಭಾರಿ ಸೂಜಿ, ಇಂಥದ್ದನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ ಎಂದ ಮಂಜಯ್ಯ.

ಅವನು ಕಂಡದ್ದು ತನ್ನದೇ ರೆಪ್ಪೆಯ ಕೂದಲು. ಇದು ಅವನಿಗೆ ಮಾರನೆಯ ದಿನವೇ ಗೊತ್ತಾಯಿತು. ಯಾರೂ ಇಲ್ಲದಾಗ ಇನ್ನೊಮ್ಮೆ ಬಗ್ಗಿ ನೋಡುವಾಗ ಕಣ್ಣು ಮಿಟುಕಿತು, ಸೂಜಿಗಳೂ ಅಲ್ಲಾಡಿದವು. ಹುಳವೆಂದು ಹೆದರಿ ಹಿಂದೆ ಸರಿದ. ಮತ್ತೆ ಧೈರ್ಯ ಮಾಡಿ ಬಗ್ಗಿ ಬೇಕೆಂದೇ ಎರಡು ಸಲ ಮಿಟುಕಿಸಿದ, ಅವೂ ಎರಡು ಸಲ ಅಲ್ಲಾಡಿದವು. ಆಗ ಅರ್ಥವಾಯಿತು. ಅರ್ಥವಾದದ್ದನ್ನು ಸೊಸೆಯ ಹತ್ತಿರ ಹೇಳಿ ನಕ್ಕುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೇಳಿದರೆ ಅವನು ಮಂಜಯ್ಯ ಹೇಗಾದಾನು?

ಚಳಿಗೆ ಅವನ ಹಿಮ್ಮಡಿ ಗದ್ದೆಯ ಹಾಗೆ ಒಡೆದಿತ್ತು. ಎಣ್ಣೆ, ಮೇಣ ಎರಡೂ ಇರುವುದರಿಂದ ಒಡಕಿಗೆ ಒಳ್ಳೆಯದು ಎಂದು ಕವನಾ ನಾಲ್ಕನೆಯ ನಂಬರಿನದ್ದು ಎರಡು ಚಮಚ ತೆಗೆದು ಒಂದು ಸಣ್ಣ ಡಬ್ಬಿಗೆ ಹಾಕಿಕೊಟ್ಟಳು. ಅದು ಜೇಬಿನಲ್ಲಿರುವಾಗಲೇ ಮಂಜಯ್ಯ ಕಳಸಕ್ಕೆ ಹೋದ. ಮೂಟೆಯ ಮೇಲೆ ಕೂತು, ಚಪ್ಪಲಿ ಬಿಟ್ಟು ಹಿಮ್ಮಡಿಗೆ ಸವರಿಕೊಳ್ಳತೊಡಗಿದ.

ಅಂಗಡಿಯ ಮೊದಲನೆಯ ಕುರ್ಚಿ ಗಂಗಾಧರಪ್ಪನವರದು. ನೂರ ನಲವತ್ತು ಎಕರೆ, ಎರಡು ಜೀಪು, ಒಂದು ಕೆಟ್ಟ ಮಂಡಿ. ಮಂಗಳೂರಿನ ಡಾಕ್ಟರಿಗೂ ಬಗ್ಗದ ಮಂಡಿ ಅದು. ಅವರ ಕಣ್ಣು ಡಬ್ಬಿಯ ಮೇಲೆ ಬಿತ್ತು. ದನಿ ಇಳಿಸಿ, “ಎಂತದು ಅದು? ಹೆಬ್ಬಾವಿನ ತುಪ್ಪವಾ ಮಂಜಯ್ಯನವ್ರೇ?” ಎಂದರು.

ಹೆಬ್ಬಾವಿನ ನೆಣ ಕರಗಿಸಿದ್ದನ್ನು ನಮ್ಮ ಕಡೆ ತುಪ್ಪ ಎನ್ನುವುದು ಮರ್ಯಾದೆ. ಮಂಡಿನೋವಿಗೆ ಅದಕ್ಕಿಂತ ಮೇಲಿನ ಔಷಧಿ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ, ಕಂಡವರು ಯಾರೂ ಇಲ್ಲ, ಇಟ್ಟುಕೊಂಡರೆ ಜೈಲು ಎಂಬುದೂ ಎಲ್ಲರಿಗೂ ಗೊತ್ತು. ಇಷ್ಟು ಗುಣವಿದ್ದ ಮೇಲೆ ಅದಕ್ಕೆ ಬೇಡಿಕೆ ಇಲ್ಲದೆ ಇರುತ್ತದೆಯೇ? ಮಂಜಯ್ಯ ‘ಅಲ್ಲ’ ಎನ್ನಲು ಬಾಯಿ ತೆರೆದದ್ದು ನಿಜ. ಆದರೆ ಗಂಗಾಧರಪ್ಪನವರು ‘ಮಂಜಯ್ಯನವ್ರೇ’ ಎಂದಿದ್ದರು. ಮೂವತ್ತು ವರ್ಷದಲ್ಲಿ ಆ ‘ನವ್ರೇ’ ಅವನ ಹೆಸರಿಗೆ ಅಂಟಿದ್ದು ಅದೇ ಮೊದಲು. ಅವನು ಸುಮ್ಮನೆ ಒಂದು ನಗೆ ನಕ್ಕು, ಬಾಗಿಲ ಕಡೆ ನೋಡಿ, ಡಬ್ಬಿಯ ಮುಚ್ಚಳ ಹಾಕಿದ. ಕೋರ್ಟಿನಲ್ಲಿ ನಗೆ ಸಾಕ್ಷಿಯಾಗುವುದಿಲ್ಲ. ಕಳಸದಲ್ಲಿ ಅದು ಸ್ಟಾಂಪ್ ಪೇಪರಿಗಿಂತ ಗಟ್ಟಿ.

ಎಷ್ಟು ಉದ್ದದ ಹಾವು ಎಂದು ಗಂಗಾಧರಪ್ಪನವರು ಪಿಸುಗುಟ್ಟಿದರು. ಇಷ್ಟಾದ ಮೇಲೆ ಉದ್ದ ಹೇಳದಿದ್ದರೆ ಹೇಗೆ? ಹನ್ನೆರಡು ಅಡಿ ಎಂದ ಮಂಜಯ್ಯ. ತನ್ನ ಅಜ್ಜ ಕುದುರೆಮುಖದ ಇಳಿಜಾರಿನಲ್ಲಿ ಒಬ್ಬನೇ ಹಿಡಿದದ್ದು, ಆ ಕಾಲದ ಭರಣಿಯಲ್ಲಿ ಇನ್ನೂ ಇದೆ ಎಂದೂ ಸೇರಿಸಿದ. ಅಜ್ಜ ಪಾಪ ಗದ್ದೆಯ ಏಡಿ ಕಂಡರೆ ಬದು ಹತ್ತುತ್ತಿದ್ದ ಮನುಷ್ಯ. ಸತ್ತು ನಲವತ್ತು ವರ್ಷದ ಮೇಲೆ ಅವನಿಗೆ ಶೌರ್ಯ ಬಂತು.

ಡಬ್ಬಿ ಗಂಗಾಧರಪ್ಪನವರ ಜೇಬಿಗೆ ಹೋಯಿತು. ನಾಲ್ಕನೆಯ ದಿನ ಅವರು ಕೋಲಿಲ್ಲದೆ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಹೆಂಡತಿಯ ಕೈಯಲ್ಲಿ ಬೆಣ್ಣೆ ಹಚ್ಚಿ ತಿಕ್ಕಿಸಿಕೊಂಡಿದ್ದರೂ ಆ ಮಂಡಿ ಬಗ್ಗುತ್ತಿತ್ತು. ಆದರೆ ಬೆಣ್ಣೆಗೆ ಅಂಥ ಅಜ್ಜ ಎಲ್ಲಿಂದ ಬರಬೇಕು? ಐದನೆಯ ಕುರ್ಚಿಯವರು ಮಗಳ ಮನೆಗೆ ಹೋಗಿದ್ದರು. ಗಂಗಾಧರಪ್ಪನವರು ಆ ಕುರ್ಚಿಯನ್ನು ತಾವೇ ಎಳೆದು, “ಬನ್ನಿ ಮಂಜಯ್ಯನವ್ರೇ, ಇಲ್ಲಿ ಕೂತ್ಕೊಳ್ಳಿ” ಎಂದರು.

ಮಂಜಯ್ಯ ಕೂತ. ಕುರ್ಚಿಯ ಒಂದು ಕಾಲು ಗಿಡ್ಡ, ಬೆತ್ತ ಹರಿದು ಒಂದು ಎಳೆ ತೊಡೆಗೆ ಚುಚ್ಚುತ್ತಿತ್ತು. ಮೂಟೆಯೇ ಎಷ್ಟೋ ಮೆತ್ತಗಿತ್ತು. ಆದರೂ ಅವನಿಗೆ ಆದ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಕೇಳಬೇಕೆ? ಸೊಂಟದವರು, ಹೆಗಲಿನವರು, ಕುತ್ತಿಗೆಯವರು ಒಬ್ಬೊಬ್ಬರಾಗಿ ಗೇಟು ತಳ್ಳಿಕೊಂಡು ಬರತೊಡಗಿದರು. ಮಂಜಯ್ಯ ಯಾರ ಹತ್ತಿರವೂ ದುಡ್ಡು ಮುಟ್ಟಲಿಲ್ಲ, ಎಲ್ಲರ ಹತ್ತಿರವೂ ‘ನವ್ರೇ’ ಎನ್ನಿಸಿಕೊಂಡ. ಹಾವು ಬಸ್‌ಸ್ಟ್ಯಾಂಡಿನಲ್ಲಿ ಹದಿನಾಲ್ಕು ಅಡಿಯಾಯಿತು, ಸೊಸೈಟಿಯ ಹತ್ತಿರ ಹದಿನಾರು. ಕವನಾಳ ಬಾಟಲಿಗಳು ಮಾತ್ರ ದಿನದಿನಕ್ಕೂ ಇಳಿಯುತ್ತಿದ್ದವು. ನಾಲ್ಕನೇ ನಂಬರಿಗೆ ಇರುವೆ ಬಿದ್ದಿದೆಯಾ ಅತ್ತೆ ಎಂದು ಅವಳು ಕೇಳಿದಳು. ನಂಜಮ್ಮ ಗಂಡನ ಮುಖ ನೋಡುತ್ತಾ, “ಬಿದ್ದಿದೆ. ಐದೂವರೆ ಅಡಿದು” ಎಂದಳು.

ಕೆಡುಕಾದದ್ದು ಪಕ್ಕದ ಮನೆಯ ರಂಗಮ್ಮನಿಂದ. ಕೆಟ್ಟವಳಲ್ಲ, ಊರಿನಲ್ಲಿ ಯಾರಿಗೆ ಎಷ್ಟು ಸಿಕ್ಕಿತು ಎಂಬ ಲೆಕ್ಕ ಅವಳಿಗೆ ತಪ್ಪುತ್ತಿರಲಿಲ್ಲ, ಅಷ್ಟೇ. ಗಂಗಾಧರಪ್ಪನವರಿಗೆ ಡಬ್ಬಿ ತುಂಬ ಕೊಟ್ಟು ತನ್ನ ಹೆಗಲಿಗೆ ಅರ್ಧ ಚಮಚ ಎಂದರೆ ಏನರ್ಥ? ಅವಳ ಅಕ್ಕನ ಮಗ ನಾಗೇಶ ಅರಣ್ಯ ಇಲಾಖೆಯಲ್ಲಿ ಗಾರ್ಡು. ನೀನೊಂದು ಮಾತು ಹೇಳಿ ಹೆದರಿಸಿದರೆ ಇನ್ನೆರಡು ಚಮಚ ಕೊಟ್ಟಾನು ಎಂದು ಅವನಿಗೆ ಫೋನು ಮಾಡಿದಳು. ನಾಗೇಶನ ಮೇಲೆ ಒಬ್ಬ ಹೊಸ ಅಧಿಕಾರಿ ಬಂದಿದ್ದರು, ಹೆಸರು ಶಶಿಕಿರಣ್, ಬಯಲುಸೀಮೆಯವರು. ಬಂದು ಎರಡು ತಿಂಗಳಾದರೂ ಒಂದೂ ಕೇಸು ಸಿಕ್ಕಿಲ್ಲವೆಂದು ಸಿಕ್ಕವರ ಮೇಲೆಲ್ಲ ರೇಗುತ್ತಿದ್ದರು. ನಾಗೇಶ ಬೈಗುಳ ತಪ್ಪಿಸಿಕೊಳ್ಳಲು ಈ ವಿಷಯವನ್ನು ಅವರ ಮುಂದಿಟ್ಟ. ಅಷ್ಟರಲ್ಲಿ ಹಾವು ಹದಿನೆಂಟು ಅಡಿಗೆ ಬಂದು ನಿಂತಿತ್ತು.

ಶನಿವಾರ ಮಧ್ಯಾಹ್ನ ಜೀಪು ಬಂತು. ಕಾಫಿ ಒಣಗಿಸುವ ಕಣದಲ್ಲಿ ನಂಜಮ್ಮ ಹಣ್ಣು ಕೆದರುತ್ತಿದ್ದಳು, ಮಂಜಯ್ಯ ಚಾವಡಿಯಲ್ಲಿ ಕೂತು ಕಾಲಿಗೆ ಸವರಿಕೊಳ್ಳುತ್ತಿದ್ದ. ಶಶಿಕಿರಣ್ ನೇರವಾಗಿ ಅಡುಗೆಮನೆಗೆ ನಡೆದು ಗೂಡಿನಲ್ಲಿದ್ದ ಆರು ಬಾಟಲಿಗಳನ್ನೂ ಈಚೆಗೆ ತರಿಸಿ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಚೀಟಿಗಳ ಮೇಲಿನ ನಂಬರು ಓದಿ ಅವರ ಮುಖ ಅರಳಿತು. ಒಂದರಿಂದ ಆರು. ಅಂದರೆ ಆರು ಹಾವು.

ಮಹಜರಿಗೆ ಇಬ್ಬರು ಸಾಕ್ಷಿ ಬೇಕೆಂದು ನಾಗೇಶ ಹೋಗಿ ರಂಗಮ್ಮನನ್ನು ಕರೆತಂದ. ಗಂಗಾಧರಪ್ಪನವರು ಎರಡನೆಯ ಡಬ್ಬಿಗೆಂದು ಅದೇ ಹೊತ್ತಿಗೆ ಗೇಟಿನಲ್ಲಿ ಜೀಪಿನಿಂದ ಇಳಿಯುತ್ತಿದ್ದರು, ಅವರನ್ನೂ ಹಿಡಿದು ತಂದ. ಹೆಬ್ಬಾವು ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಮೂರರಿಂದ ಏಳು ವರ್ಷ, ಇಟ್ಟುಕೊಂಡವರಿಗೂ ಅಷ್ಟೇ, ತಗೊಂಡವರಿಗೂ ಅಷ್ಟೇ ಎಂದು ಅಧಿಕಾರಿ ವಿವರಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ರಂಗಮ್ಮ ನಿಜಕ್ಕೂ ಹೆಗಲನ್ನೇ ಮುಟ್ಟಿ ನೋಡಿಕೊಂಡಳು. ಗಂಗಾಧರಪ್ಪನವರು ಪಂಚೆಯನ್ನು ಮಂಡಿಯ ಕೆಳಗೆ ಎಳೆದುಕೊಂಡು, ಈ ಮನುಷ್ಯನನ್ನು ತಾನು ಸರಿಯಾಗಿ ನೋಡುತ್ತಿರುವುದೇ ಇವತ್ತು ಎಂದರು. ‘ನವ್ರೇ’ ಹೋಯಿತು, ಮಂಜಯ್ಯ ಎಂಬುದೂ ಹೋಯಿತು, ಬರೀ ‘ಈ ಮನುಷ್ಯ’ ಉಳಿಯಿತು.

ಮಂಜಯ್ಯನ ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೆಬ್ಬಾವು ಎಂದರೆ ಏಳು ವರ್ಷ ಜೈಲು. ಎಣ್ಣೆ ಎಂದರೆ ಊರಿಗೆಲ್ಲ ಸುಳ್ಳುಗಾರ, ಕುರ್ಚಿ ಹೋಗಲಿ ಮೂಟೆಯೂ ಸಿಗದು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುತ್ತಾರೆ. ಇಲ್ಲಿ ಹಾವೇ ಇರಲಿಲ್ಲ, ಕೋಲು ಮುರಿಯುವುದರಲ್ಲಿತ್ತು. ಅವನು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಅಧಿಕಾರಿ ‘ಇದು ಹೆಬ್ಬಾವಿನ ನೆಣವೇನ್ರೀ?’ ಎಂದಾಗ ತಲೆಯಾಡಿಸಿದ. ಬೆಚ್ಚಿಬಿದ್ದ ಕವನಾ ‘ಮಾವ, ಅದು ಎಣ್ಣೆ ಅಂತ ಹೇಳಿ’ ಎಂದಾಗ ಅದಕ್ಕೂ ತಲೆಯಾಡಿಸಿದ. ಆರೋಪಿ ಎರಡೂ ಹೇಳಿಕೆ ಕೊಟ್ಟಿದ್ದಾನೆ ಎಂದು ನಾಗೇಶ ಬರೆದುಕೊಂಡ.

ಕವನಾ ಹೆದರಿದ್ದರೂ ಬುದ್ಧಿ ಕಳೆದುಕೊಳ್ಳಲಿಲ್ಲ. ಇದು ಅಂಗಡಿಯ ಎಣ್ಣೆ, ಹಿತ್ತಿಲಿನ ಜೇನುಮೇಣ, ಬೇಕಾದರೆ ಕಣ್ಣೆದುರೇ ಇನ್ನೊಂದು ಬಾಟಲಿ ಮಾಡಿ ತೋರಿಸುತ್ತೇನೆ ಎಂದಳು. ಮಾಡಲು ಎಷ್ಟು ಹೊತ್ತು ಎಂದರು ಶಶಿಕಿರಣ್. ಇದರ ಹಾಗೇ ಆಗಬೇಕಾದರೆ ನಿಧಾನಕ್ಕೆ ಆರಬೇಕು, ನಾಳೆ ಬೆಳಿಗ್ಗೆಯಾಗುತ್ತದೆ ಎಂದಳು. ಅಷ್ಟರಲ್ಲಿ ಸಾಕ್ಷ್ಯ ನಾಶ ಮಾಡಲಿಕ್ಕೆ ಎಂದು ಅಧಿಕಾರಿ ನಕ್ಕರು. ಮಾದರಿ ದೂರದ ಲ್ಯಾಬಿಗೆ ಹೋಗಬೇಕು, ವರದಿ ಬರಲು ಮೂರು ತಿಂಗಳು, ಅಲ್ಲಿಯವರೆಗೆ ಈ ಮಹಾಶಯರು ಒಳಗಿರಬೇಕು ಎಂದೂ ತಿಳಿಸಿದರು. ನಂಜಮ್ಮ ಕಣದಿಂದ ಬಂದವಳು ಕಂಬ ಹಿಡಿದು ನಿಂತಳು. ಗಂಡನನ್ನು ಇಪ್ಪತ್ತೊಂಬತ್ತು ವರ್ಷ ಬೈದಿದ್ದಳು. ಈಗ ಬೈಯಲು ಬಾಯಿ ಬರಲಿಲ್ಲ.

“ಲ್ಯಾಬ್ ಯಾಕೆ ಸಾರ್, ಇಲ್ಲೇ ನೋಡಿ” ಎಂದು ಕವನಾ ಸೂಕ್ಷ್ಮದರ್ಶಕ ಎಳೆದಳು. ಮೇಣವಾದರೆ ಸೂಜಿ ಸೂಜಿಯಾಗಿ ಕಾಣುತ್ತದೆ, ಪ್ರಾಣಿಯ ನೆಣ ಬೇರೆಯೇ ಥರ ಎಂದಳು. ಸುತ್ತ ಜನ ನೋಡುತ್ತಿದ್ದರು. ಓದಿದ ಅಧಿಕಾರಿ ಸೂಕ್ಷ್ಮದರ್ಶಕಕ್ಕೆ ಬೆನ್ನು ಹಾಕುವಂತಿರಲಿಲ್ಲ. ಕಾಲೇಜಿನಲ್ಲಿ ಇಂಥವು ಎಷ್ಟೋ ನೋಡಿದ್ದೇವೆ ಎಂದು ಟೋಪಿ ತೆಗೆದು, ಅವಳು ಇನ್ನೂ ಬೆಳಕು ಸೋಸುವ ಹಾಳೆ ಹುಡುಕುತ್ತಿರುವಾಗಲೇ ಬಗ್ಗಿದರು. ಒಂದು ನಿಮಿಷ ಉಸಿರು ಬಿಗಿಹಿಡಿದು ನೋಡಿದರು.

“ಬರ್ಕೊಳ್ರೀ ನಾಗೇಶ” ಎಂದರು ತಲೆ ಎತ್ತದೆ. “ಕೂದಲು. ದಪ್ಪ, ಕಪ್ಪು. ನಾಲ್ಕೈದಿವೆ.”

ನಾಗೇಶ ಪೆನ್ನು ಹಿಡಿದು ತಡವರಿಸಿದ. ಹಾವಿಗೆ ಕೂದಲಿರುವುದಿಲ್ಲವಲ್ಲ ಸಾರ್ ಎಂದ. ಶಶಿಕಿರಣ್ ನೆಟ್ಟಗಾಗಿ ಬೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕಾಡಿನ ಕಡೆ ನೋಡಿದರು.

“ಹಾಗಾದ್ರೆ ಕರಡಿ.”

ಆರು ಬಾಟಲಿ ಎಂದರೆ ಆರು ಕರಡಿಯಾಗುತ್ತದಲ್ಲ ಸಾರ್ ಎಂದು ನಾಗೇಶ ಮೆಲ್ಲಗೆ ಎಣಿಸಿದ. ಕುದುರೆಮುಖದಲ್ಲಿ ಅಷ್ಟು ಕರಡಿ ಉಳಿದಿವೆಯೇ ಎಂಬ ಪ್ರಶ್ನೆ ಎದ್ದಿತು. ಈ ಮಹಾಶಯನ ದೆಸೆಯಿಂದಲೇ ಉಳಿದಿಲ್ಲ ಎಂದು ಅಧಿಕಾರಿ ತೀರ್ಮಾನ ಕೊಟ್ಟರು. ಗಂಗಾಧರಪ್ಪನವರು ತಮ್ಮ ಮಂಡಿಯನ್ನೇ ಗೌರವದಿಂದ ನೋಡಿಕೊಂಡರು. ಕರಡಿಯದ್ದು ಹೆಬ್ಬಾವಿನದ್ದಕ್ಕಿಂತ ಎಷ್ಟೋ ಮೇಲು ಎಂದು ಅವರ ಬಾಯಿಂದ ಬಂದೇಬಿಟ್ಟಿತು, ಆಮೇಲೆ ಕೆಮ್ಮಿದರು.

ಕವನಾ ಓಡಿ ಬಂದು ತಾನೇ ನೋಡಿದಳು. ಅಲ್ಲಿ ಯಾವ ಕೂದಲೂ ಇರಲಿಲ್ಲ, ಇಲ್ಲ ಎಂದೇ ಹೇಳಿದಳು. ಶಶಿಕಿರಣ್ ಕೆಂಡವಾದರು. ತಾವು ಕಣ್ಣಾರೆ ಕಂಡ ಕೂದಲನ್ನು ಈ ಹುಡುಗಿ ಅರೆಗಳಿಗೆಯಲ್ಲಿ ಮಾಯ ಮಾಡಿದ್ದಾಳೆ, ಇವಳ ಹೆಸರನ್ನೂ ಸೇರಿಸಿ, ಮರದ ಪೆಟ್ಟಿಗೆಯನ್ನೂ ಜಪ್ತಿ ಮಾಡಿ ಎಂದರು. ಓದುತ್ತಿರುವ ಹುಡುಗಿಯ ಕಣ್ಣು ತುಂಬಿತು. ನಾಗೇಶ ಸೀಲಿನ ಅರಗು ಕಾಯಿಸಲು ಬೆಂಕಿಪೊಟ್ಟಣ ಕೇಳಿದ.

ಕೂದಲು ಯಾವ ಪ್ರಾಣಿಯದ್ದು ಎಂಬುದು ಆ ಚಾವಡಿಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಎಂ.ಎಸ್ಸಿ.ಗೆ ಗೊತ್ತಿರಲಿಲ್ಲ, ಇಲಾಖೆಗೆ ಗೊತ್ತಿರಲಿಲ್ಲ, ನೂರ ನಲವತ್ತು ಎಕರೆಗೂ ಗೊತ್ತಿರಲಿಲ್ಲ. ಮಂಜಯ್ಯ ಮೊದಲ ಸಲ ತಲೆಯಾಡಿಸದೆ ಎದ್ದು ನಿಂತ. ಹೇಳಿದರೆ ಹೋಗುವುದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಗಿಡ್ಡ ಕಾಲಿನ ಕುರ್ಚಿ ಕಣ್ಣ ಮುಂದೆ ಬಂತು. ಸೊಸೆಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

“ಸಾರ್, ಇನ್ನೊಂದ್ಸಲ ಬಗ್ಗಿ ನೋಡಿ” ಎಂದ. “ನೋಡ್ತಾ ಕಣ್ಣು ಮಿಟುಕಿಸಿ.”

ಆರೋಪಿಯ ಮಾತು ಕೇಳಬೇಕೇ ಬೇಡವೇ ಎಂದು ಶಶಿಕಿರಣ್ ಯೋಚಿಸಿದರು. ಸಿಟ್ಟಿನಿಂದಲೇ ಬಗ್ಗಿದರು. ಒಮ್ಮೆ ಮಿಟುಕಿಸಿದರು. ಎರಡನೆಯ ಸಲ ಮಿಟುಕಿಸಿದರು. ಅವರ ಕಿವಿ ಮೆಲ್ಲನೆ ಕೆಂಪಾಗುವುದನ್ನು ಎಲ್ಲರೂ ನಿಂತು ನೋಡಿದರು.

“ಕೂದಲು ಅಲ್ಲಾಡ್ತದಾ ಸಾರ್?”

“ಅಲ್ಲಾಡ್ತದೆ.”

“ಅದು ನಿಮ್ಮದೇ.”

ಯಾರೂ ನಗಲಿಲ್ಲ. ನಗುವ ಧೈರ್ಯ ನಂಜಮ್ಮನಿಗೆ ಮಾತ್ರ ಇತ್ತು, ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಇದು ನಿಮಗೆ ಹೇಗೆ ಗೊತ್ತು ಎಂದು ಅಧಿಕಾರಿ ಕೇಳಿದರು. ಆಗ ಮಂಜಯ್ಯ ಬಿಚ್ಚಿದ. ಸೂಜಿ ಕಂಡೆ ಎಂದದ್ದು ಸುಳ್ಳು, ತಾನು ಕಂಡದ್ದೂ ರೆಪ್ಪೆಯನ್ನೇ ಎಂದ. ಒಂದು ಸುಳ್ಳು ಈಚೆಗೆ ಬಂದದ್ದೇ ತಡ, ಮಿಕ್ಕವೂ ಕೈ ಕೈ ಹಿಡಿದುಕೊಂಡು ಬಂದವು. ಹಾವಿಲ್ಲ, ಭರಣಿ ಇಲ್ಲ, ಅಜ್ಜ ಏಡಿಗೆ ಹೆದರುತ್ತಿದ್ದ, ಕೊಟ್ಟದ್ದೆಲ್ಲ ಎಣ್ಣೆ ಮತ್ತು ಮೇಣ. ಹೇಳುತ್ತಾ ಹೇಳುತ್ತಾ ಅವನು ಅತ್ತೇಬಿಟ್ಟ. “ಒಂದು ಕುರ್ಚಿಗೋಸ್ಕರ ಸಾರ್, ಅಷ್ಟೇ” ಎಂದ.

ಕವನಾ ಹಾಳೆ ಸಿಕ್ಕಿಸಿದಳು. ಈ ಸಲ ಶಶಿಕಿರಣ್ ಬಹಳ ಹೊತ್ತು ನೋಡಿದರು. ಕತ್ತಲಲ್ಲಿ ಸಾವಿರಾರು ಬೆಳ್ಳಿ ಸೂಜಿಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ಹೊಳೆಯುತ್ತಿದ್ದವು, ಅವುಗಳ ಸಂದಿನಲ್ಲೇ ಎಣ್ಣೆ ಹೊರಬರಲಾಗದೆ ಸಿಕ್ಕಿಕೊಂಡಿತ್ತು. ಕವನಾ ಹಿತ್ತಿಲಿನ ಮೇಣವನ್ನು ಕರಗಿಸಿ ಇನ್ನೊಂದು ಗಾಜಿನ ಮೇಲೆ ಹಾಕಿ ತೋರಿಸಿದಳು. ಆರುತ್ತಿದ್ದ ಹಾಗೆ ಅದೂ ಕತ್ತಲಲ್ಲಿ ಹೊಳೆಯಿತು. ಕೊನೆಗೆ ಮಂಜಯ್ಯನೂ ಬಗ್ಗಿದ. ಕಂಡೆ ಎಂದು ಕೊಚ್ಚಿಕೊಂಡಿದ್ದ ಸೂಜಿಗಳನ್ನು ಅವನು ಕಂಡದ್ದು ಆಗಲೇ. ಎಷ್ಟು ಚೆಂದ ಇದೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

ಹೆಬ್ಬಾವಿಲ್ಲ, ಕರಡಿಯಿಲ್ಲ ಎಂದು ಮಹಜರು ಮುಗಿಯಿತು. ರೆಪ್ಪೆಯ ವಿಷಯ ಅದರಲ್ಲಿ ಬರಲಿಲ್ಲ. ಮೋಸದ ದೂರು ಯಾರಾದರೂ ಕೊಡುತ್ತೀರಾ ಎಂದು ಅಧಿಕಾರಿ ಕೇಳಿದರೆ ಯಾರು ಮುಂದೆ ಬರಬೇಕು? ಹೆಬ್ಬಾವೆಂದು ತಗೊಂಡೆ ಎಂದವನಿಗೆ ಕಾಯ್ದೆ ಬೇರೆಯೇ ಇತ್ತಲ್ಲ. ನಾನು ಮುಟ್ಟಿಯೇ ಇಲ್ಲ ಎಂದಳು ರಂಗಮ್ಮ. ಗೇಟಿನಿಂದ ಕೋಲಿಲ್ಲದೆ ನಡೆದು ಬಂದಿದ್ದ ಗಂಗಾಧರಪ್ಪನವರು ಎಣ್ಣೆ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಕುಂಟುತ್ತಿದ್ದರು. ಡ್ರೈವರಿನ ಹೆಗಲು ಹಿಡಿದು ಇಳಿದುಹೋಗುವಾಗ, ಐದನೇ ಕುರ್ಚಿಯವರು ನಾಳೆ ಮಗಳ ಮನೆಯಿಂದ ಬರುತ್ತಾರೆ ಎಂದು ಹೇಳಿ ಹೋದರು.

ಮಾರನೆಯ ದಿನ ಮೊದಲ ಬಸ್ಸಿಗೆ ಕವನಾ ಹೊರಟಳು. ಉಳಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಸೂಕ್ಷ್ಮದರ್ಶಕವನ್ನು ಮತ್ತೆ ಮಡಿಲ ಮೇಲಿಟ್ಟುಕೊಂಡಳು. ಹೀಗೆ ಸತ್ಯವೆಂಬುದು ಮರದ ಪೆಟ್ಟಿಗೆಯಲ್ಲಿ ಕೂತು ಚಿಕ್ಕಮಗಳೂರಿಗೆ ಹೋಯಿತು. ಮಂಜಯ್ಯ ಬಸ್ಸು ಹತ್ತಿಸಿ ಬಂದು ಬೋರ್ಡಿನ ಕೆಳಗೆ ನಿಂತ. ಇನ್ನು ಮೇಲೆ ಗ್ರಹಚಾರ ಕೆಟ್ಟರೂ ಇಲ್ಲದ್ದನ್ನು ಇದೆ ಎನ್ನಬಾರದು ಎಂದು ಗಟ್ಟಿ ಮನಸ್ಸು ಮಾಡಿದ. ಪಾಪ, ನಿಜವಾಗಿಯೇ ಮಾಡಿದ.

ಹತ್ತು ಗಂಟೆಗೆ ನಾಗೇಶ ಹಿತ್ತಿಲ ದಾರಿಯಿಂದ ಬಂದ. ಯೂನಿಫಾರ್ಮ್ ಇರಲಿಲ್ಲ, ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿಯಿತ್ತು. ನಿನ್ನೆ ಅಷ್ಟು ಹೊತ್ತು ಬಗ್ಗಿದ್ದರಿಂದ ಸಾಹೇಬರ ಬೆನ್ನು ಹಿಡಿದುಕೊಂಡಿದೆ, ನೆಟ್ಟಗೆ ನಿಲ್ಲಲಾಗುತ್ತಿಲ್ಲ ಎಂದ. ಸ್ವಲ್ಪ ಬೇಕಾಗಿತ್ತು ಎಂದ. ಮಂಜಯ್ಯನಿಗೆ ಅರ್ಥವಾಗಲಿಲ್ಲ, ಅದು ಎಣ್ಣೆ ಮತ್ತು ಮೇಣ, ನೀವೇ ಬರೆದುಕೊಂಡಿರಲ್ಲ ಎಂದ.

“ಅದು ಮಹಜರಿಗೆ ಆಯ್ತು ಮಂಜಯ್ಯನವ್ರೇ” ಎಂದ ನಾಗೇಶ. “ಅಸಲಿದ್ದು ಎಲ್ಲಿಟ್ಟಿದ್ದೀರಿ?”

ಮಂಜಯ್ಯ ಕಳಸೇಶ್ವರನ ಆಣೆ ಹಾಕಿದ. ಹೆಂಡತಿಯ ಆಣೆ ಹಾಕಿದ. ಜೇನುಪೆಟ್ಟಿಗೆ ತೋರಿಸಿದ, ಎಣ್ಣೆಯ ಕ್ಯಾನು ತೋರಿಸಿದ. ಬದುಕಿನಲ್ಲಿ ಅಷ್ಟು ಸತ್ಯವನ್ನು ಅವನು ಒಟ್ಟಿಗೆ ಹೇಳಿದ್ದೇ ಇರಲಿಲ್ಲ. ನಾಗೇಶ ಎಲ್ಲವನ್ನೂ ಮರ್ಯಾದೆಯಿಂದ ಕೇಳಿಸಿಕೊಂಡ. ಕೇಳಿದಷ್ಟೂ ಅವನ ಮುಖದಲ್ಲಿ ಭಕ್ತಿ ಹೆಚ್ಚುತ್ತಿತ್ತು. ಸಾಹೇಬರೂ ಇದನ್ನೇ ಹೇಳಿದರು, ಇಲಾಖೆಯ ಮುಂದೆ ನಿಂತು ಅಷ್ಟು ಚೆನ್ನಾಗಿ ಅಳಬಲ್ಲ ಮನುಷ್ಯ ಬರೀ ಎಣ್ಣೆ ಇಟ್ಟುಕೊಂಡವನಲ್ಲ ಎಂದರು ಎಂದ. ಬೇಲಿಯ ಆಚೆ ರಂಗಮ್ಮನ ತಲೆ ಕಾಣಿಸಿತು, ಅವಳ ಕೈಯಲ್ಲೂ ಬಟ್ಟಲಿತ್ತು. ಗೇಟಿನ ಹತ್ತಿರ ಗಂಗಾಧರಪ್ಪನವರ ಜೀಪು ಸದ್ದಿಲ್ಲದೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಒಂದು ಕುರ್ಚಿ ಇತ್ತು, ಒಂದು ಕಾಲು ಗಿಡ್ಡದ್ದು.

ಮಂಜಯ್ಯ ಕುರ್ಚಿಯನ್ನು ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಂಜಮ್ಮ ಬೇಡ ಎಂದು ಕೈಯಾಡಿಸಿದಳು. ಆಮೇಲೆ ಅವಳೂ ಕುರ್ಚಿಯನ್ನು ನೋಡಿ, ಒಂದು ನಿಟ್ಟುಸಿರು ಬಿಟ್ಟು, ಎಣ್ಣೆ ಬಿಸಿಗಿಡಲು ಒಳಗೆ ಹೋದಳು.

ಮಂಜಯ್ಯ ನಾಗೇಶನ ಕೈಯಿಂದ ಡಬ್ಬಿ ತೆಗೆದುಕೊಂಡ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಕೇಳಿದ:

“ಎಷ್ಟು ಅಡಿದು ಬೇಕು?”